ಕೂಸಿನ ಮನೆಯ ಬಾಗಿಲು ತೆರೆಯುವ ಹೊತ್ತು

ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ನಾನು 2024ರ ಬೇಸಿಗೆಯಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಪಂಚಾಯತಿ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಸಾರ್ವಜನಿಕ ನೀತಿಯ ಕೆಲಸ ಕಲಿಯಬೇಕಾದರೆ ಬೆಂಗಳೂರಿಗೋ ದೆಹಲಿಗೋ ಹೋಗಬೇಕು ಎಂಬ ನಂಬಿಕೆ ನಮ್ಮ ತರಗತಿಯಲ್ಲಿ ಗಟ್ಟಿಯಾಗಿತ್ತು. ನಾನು ಮಾತ್ರ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಚೇರಿಯನ್ನು ಕೇಳಿ ಪಡೆದೆ, ಏಕೆಂದರೆ ಸರ್ಕಾರದ ಒಂದು ಆದೇಶ ಹಳ್ಳಿಯ ಮನೆಯ ಹೊಸ್ತಿಲನ್ನು ಮುಟ್ಟುವ ಕಡೆಯ ನಾಲ್ಕು ಹೆಜ್ಜೆಗಳು ಹೇಗಿರುತ್ತವೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗಿತ್ತು. ಆ ಅವಧಿಯಲ್ಲಿ ಕಲಿತದ್ದು ಹಲವು. ಅವುಗಳಲ್ಲಿ, ‘ಕೂಸಿನ ಮನೆ’ ಎಂಬ ಹಳ್ಳಿಯ ಶಿಶುಪಾಲನಾ ಕೇಂದ್ರಕ್ಕೆ ಸಂಬಂಧಿಸಿದ ಒಂದು ದಿನದ ಕ್ಷೇತ್ರ ಭೇಟಿಯನ್ನೂ ಅದರ ಬೆನ್ನಿಗೆ ಸಿದ್ಧವಾದ ಒಂದು ಪುಟದ ಟಿಪ್ಪಣಿಯನ್ನೂ ಇಲ್ಲಿ ವಿವರವಾಗಿ ಹೇಳುತ್ತೇನೆ.

ಮೊದಲ ದಿನಗಳು ಕಡತ ಓದುವುದರಲ್ಲಿ ಹೋದವು. ಹೊರಗಿನಿಂದ ಬಂದ ಪತ್ರ ಆವಕ ವಹಿಯಲ್ಲಿ ಸಂಖ್ಯೆ ಪಡೆದು, ವಿಷಯ ನಿರ್ವಾಹಕರ ಮೇಜಿಗೆ ಹೋಗಿ, ಅವರ ಟಿಪ್ಪಣಿಯೊಂದಿಗೆ ಮೇಲಿನವರ ಮುಂದೆ ಮಂಡನೆಯಾಗಿ, ಸಹಿ ಬಿದ್ದ ಮೇಲೆ ಜಾವಕದಲ್ಲಿ ಹೊರಡುವ ತನಕ ಅದು ಎಲ್ಲಿ ಎಷ್ಟು ದಿನ ನಿಂತಿತು ಎಂಬುದನ್ನು ಆ ಎರಡು ವಹಿಗಳನ್ನು ಎದುರುಬದುರು ಇಟ್ಟುಕೊಂಡರೆ ಯಾರು ಬೇಕಾದರೂ ಓದಬಹುದು. ಪಠ್ಯದಲ್ಲಿ ‘ನೀತಿಯ ಅನುಷ್ಠಾನ’ ಎಂಬ ಹೆಸರಿನಲ್ಲಿ ಓದಿದ ಅಧ್ಯಾಯಕ್ಕಿಂತ ಈ ಓದು ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಆ ಬೇಸಿಗೆಯಲ್ಲಿ ತಾಲ್ಲೂಕು ಪಂಚಾಯತಿಯ ಕೆಲಸದಲ್ಲಿ ಬಹುಪಾಲು ನರೇಗಾ ಎಂಬ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯದಾಗಿತ್ತು. 2005ರ ಕಾಯ್ದೆ, ಅದು 2006ರ ಫೆಬ್ರವರಿ 2ರಿಂದ ಜಾರಿಗೆ ಬಂದದ್ದು, ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಖಾತರಿ ಇವೆಲ್ಲ ಪರೀಕ್ಷೆಗೆ ಓದಿ ಗೊತ್ತಿದ್ದ ಸಂಗತಿಗಳೇ. ಆದರೆ ಗ್ರಾಮೀಣ ಉದ್ಯೋಗ ವಿಭಾಗದ ಸಹಾಯಕ ನಿರ್ದೇಶಕರು ನನ್ನ ಕೈಗೆ ಮೊದಲು ಕೊಟ್ಟದ್ದು ಕಾಯ್ದೆಯ ಕೊನೆಯಲ್ಲಿರುವ ಅನುಸೂಚಿಗಳನ್ನು. ಅವುಗಳ ಪ್ರಕಾರ ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕಿತ್ತು. ಕೆಲಸಕ್ಕೆ ಬಂದ ಹೆಂಗಸರ ಜೊತೆ ಐದು ಅಥವಾ ಅದಕ್ಕಿಂತ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಆ ಹೆಂಗಸರಲ್ಲೇ ಒಬ್ಬರನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಿ ಅವರಿಗೂ ಕೂಲಿ ಕೊಡಬೇಕಿತ್ತು. ಇಷ್ಟು ಸ್ಪಷ್ಟವಾಗಿ ಬರೆದಿರುವ ಮಾತನ್ನು ನಮ್ಮ ತರಗತಿಯಲ್ಲಿ ಯಾರೂ ಎತ್ತಿರಲಿಲ್ಲ. ಇದರ ಮೇಲೆ ಕರ್ನಾಟಕ ಸರ್ಕಾರ 2023–24ರ ಬಜೆಟ್‌ನಲ್ಲಿ ರಾಜ್ಯದ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತ್ತು. ಉದ್ಯೋಗ ಚೀಟಿ ಇರುವ ಸ್ಥಳೀಯ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡುವ ಆ ಯೋಜನೆ ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಒಳ್ಳೆಯ ಆಲೋಚನೆಗಳಲ್ಲಿ ಒಂದು.

ಮೇ 7ರಂದು ನಮ್ಮ ಭಾಗದ ಲೋಕಸಭಾ ಮತದಾನ ಮುಗಿದು, ಚುನಾವಣಾ ಕೆಲಸದಲ್ಲಿ ಮುಳುಗಿದ್ದ ಸಿಬ್ಬಂದಿ ತಮ್ಮ ತಮ್ಮ ಮೇಜುಗಳಿಗೆ ಮರಳಿದ ಮೇಲೆ ಸಹಾಯಕ ನಿರ್ದೇಶಕರು ನನಗೆ ಒಂದು ನಿರ್ದಿಷ್ಟ ಕೆಲಸ ಒಪ್ಪಿಸಿದರು. ಒಂದು ಗ್ರಾಮ ಪಂಚಾಯತಿಯಲ್ಲಿ ಕೆರೆ ಹೂಳೆತ್ತುವ ಕೆಲಸಕ್ಕೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದರೂ ಅಲ್ಲಿನ ಕೂಸಿನ ಮನೆಯ ಹಾಜರಿ ವಹಿ ಹೆಚ್ಚುಕಡಿಮೆ ಖಾಲಿ ಇತ್ತು. ಜನರಿಗೆ ಮಾಹಿತಿ ಇಲ್ಲ, ಕರಪತ್ರ ಹಂಚಬೇಕು ಎಂಬ ಅಭಿಪ್ರಾಯ ಕಚೇರಿಯಲ್ಲಿತ್ತು. ‘ಕರಪತ್ರ ಅಚ್ಚು ಹಾಕ್ಸೂದಕ್ಕಿಂತ ಮೊದಲ ಒಮ್ಮಿ ಹೋಗಿ ಕೇಳ್ಕೊಂಡ ಬರ್ರಿ’ ಎಂದು ಅವರು ಹೇಳಿದರು. ಅಚ್ಚಿನ ಖರ್ಚಿಗೆ ಮೊದಲು ವಿಚಾರಣೆ ಎಂಬ ಆ ಕ್ರಮವೇ ನನಗೆ ಒಂದು ಪಾಠವಾಗಿತ್ತು.

ನಮ್ಮ ಭಾಗದಲ್ಲಿ ಬೇಸಿಗೆಯ ಮಣ್ಣು ಕೆಲಸ ಸೂರ್ಯ ಏರುವ ಮುಂಚೆಯೇ ಆರಂಭವಾಗುತ್ತದೆ. ಬಿಸಿಲಿನ ಕಾರಣಕ್ಕೆ ಬೆಳಗಾವಿ ಮತ್ತು ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಇದ್ದರೂ ಕೂಲಿ ನಿಂತಿದ್ದುದು ಅಳತೆಯ ಮೇಲೆ. ಆ ವರ್ಷದ ದಿನಗೂಲಿ 349 ರೂಪಾಯಿ ಪೂರ್ತಿ ಕೈಗೆ ಬರಬೇಕಾದರೆ ಹೇಳಿದಷ್ಟು ಗುಂಡಿ ತೋಡಲೇಬೇಕಿತ್ತು. ಹಾಜರಿಯನ್ನು ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಫೋಟೊ ಸಮೇತ ದಿನಕ್ಕೆ ಎರಡು ಬಾರಿ ಹಾಕುವುದು 2023ರ ಜನವರಿಯಿಂದ ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟು ಉಳಿದೆಲ್ಲ ಕೆಲಸಗಳಿಗೂ ಕಡ್ಡಾಯವಾಗಿದ್ದರಿಂದ ಮೊದಲ ಫೋಟೊ ಬೇಗ ಆದಷ್ಟೂ ಮನೆಗೆ ಮರಳುವ ಹೊತ್ತೂ ಬೇಗ ಬರುತ್ತಿತ್ತು. ನಾನು ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ಕಾಯಕ ಬಂಧುವಿನ ಜೊತೆ ಕೆರೆಯ ಅಂಗಳಕ್ಕೆ ಇಳಿದಾಗ ಗಂಡಸರು ಗುದ್ದಲಿ ಹಾಕುತ್ತಿದ್ದರು, ಹೆಂಗಸರು ಪುಟ್ಟಿಯಲ್ಲಿ ಮಣ್ಣು ಹೊತ್ತು ಏರಿಯ ಮೇಲೆ ಸುರಿಯುತ್ತಿದ್ದರು. ದಂಡೆಯ ಬೇವಿನ ಮರಕ್ಕೆ ಹಳೆಯ ಇಳಕಲ್ ಸೀರೆಯ ಜೋಳಿಗೆ ಕಟ್ಟಿ ಒಂದು ಕೂಸನ್ನು ಮಲಗಿಸಿದ್ದರು. ಅದರ ಕೆಳಗೆ ಇನ್ನೂ ಸರಿಯಾಗಿ ನಡೆಯಲು ಬಾರದ ಎರಡು ಮಕ್ಕಳನ್ನು ಕೂರಿಸಿ, ಏಳೆಂಟು ವರ್ಷದ ಹುಡುಗಿಯೊಬ್ಬಳನ್ನು ಕಾವಲಿಗೆ ಬಿಟ್ಟಿದ್ದರು. ನೆರಳು ಸರಿದಂತೆಲ್ಲ ಆ ಹುಡುಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ನೆರಳಿನ ಕಡೆಗೆ ಸರಿಸುತ್ತಿದ್ದಳು, ಆಮೇಲೆ ಬುತ್ತಿಗಂಟುಗಳನ್ನೂ ಸರಿಸುತ್ತಿದ್ದಳು.

ನನ್ನ ಕೈಯಲ್ಲಿದ್ದ ಪ್ರಶ್ನಾವಳಿ ಹೌದು–ಇಲ್ಲ ಮಾದರಿಯದು. ಬುತ್ತಿ ಬಿಚ್ಚುವ ಹೊತ್ತಿಗೆ ಹೆಂಗಸರ ಗುಂಪಿನಲ್ಲಿ ಕುಳಿತು ಮೊದಲ ಪ್ರಶ್ನೆ ಕೇಳಿದೆ: ‘ಊರಾಗ ಕೂಸಿನ ಮನಿ ಐತಂತ ನಿಮಗ ಗೊತ್ತೈತೇನ್ರೀ ಅಕ್ಕಾ?’

‘ಗೊತ್ತಿಲ್ದ ಏನ ಯವ್ವಾ, ಸಾಲಿ ಬಾಜೂಕ ಐತಿ. ಗ್ವಾಡಿ ತುಂಬ ಚಿತ್ರಾ ಬರದಾರ, ಆಟದ ಸಾಮಾನ ತಂದಿಟ್ಟಾರ.’

ಕೇಳಿದವರೆಲ್ಲರಿಗೂ ಗೊತ್ತಿತ್ತು. ಪ್ರಶ್ನಾವಳಿಯ ಪ್ರಕಾರ ಅಲ್ಲಿಗೆ ಕೆಲಸ ಮುಗಿದಂತೆ. ಮಾಹಿತಿಯ ಕೊರತೆ ಇಲ್ಲ ಎಂದು ಬರೆದು ಎದ್ದುಬರಬಹುದಿತ್ತು. ಆದರೆ ಗೊತ್ತಿದ್ದೂ ಬಿಡದಿರುವುದಕ್ಕೆ ಕಾರಣ ಆ ಹಾಳೆಯ ಯಾವ ಚೌಕದಲ್ಲೂ ಹಿಡಿಯುವಂಥದ್ದಲ್ಲ ಎಂದು ಅನ್ನಿಸಿ, ಹಾಳೆಯನ್ನು ಮಡಚಿಟ್ಟು, ನಿನ್ನೆ ಎದ್ದಾಗಿನಿಂದ ಕೆಲಸಕ್ಕೆ ಬರುವ ತನಕ ಏನೇನು ಮಾಡಿದಿರಿ ಎಂದು ಒಬ್ಬೊಬ್ಬರನ್ನೇ ಕೇಳತೊಡಗಿದೆ. ಕ್ಷೇತ್ರಕಾರ್ಯದಲ್ಲಿ ನಾನು ಕಲಿತ ಅತ್ಯಂತ ಬೆಲೆಯುಳ್ಳ ಕೌಶಲ ಇದೇ. ಅಭಿಪ್ರಾಯ ಕೇಳಿದರೆ ಜನ ನಮಗೆ ಹಿತವಾಗುವ ಉತ್ತರ ಕೊಡುತ್ತಾರೆ. ನಿನ್ನೆಯ ದಿನವನ್ನು ಗಳಿಗೆ ಗಳಿಗೆಯಾಗಿ ಕೇಳಿದರೆ ಇದ್ದದ್ದು ಇದ್ದಂತೆ ಹೊರಬರುತ್ತದೆ.

ಜೋಳಿಗೆಯ ಕೂಸಿನ ತಾಯಿ ರೊಟ್ಟಿ ಮುರಿಯುತ್ತಲೇ ಹೇಳಿದಳು: ‘ನಾವು ಮನಿ ಬಿಡೂದು ನಸಿಕಿನ್ಯಾಗ. ಅದರ ಬಾಗಲಾ ತಗಿಯೂದು ಹತ್ತಕ್ಕ. ಅಲ್ಲೀತನಾ ಕೂಸಿನ್ನ ಯಾರ ಕೈಯಾಗ ಕೊಡ್ಲಿ ತಂಗೀ? ಹತ್ತಕ್ಕ ಬಿಟ್ಟ ಬರಾಕ ಹ್ವಾದ್ರ ಇಲ್ಲಿ ಫೋಟೋ ಆಗಿರ್ತೈತಿ.’ ಅವಳ ಪಕ್ಕದಲ್ಲಿದ್ದವಳ ಮಾತು ಬೇರೆ. ‘ಹೊತ್ತಿಗೆ ಮೊದಲ ತಗದ್ರೂ ನಾ ಬಿಡಂಗಿಲ್ಲ. ಮೊಲಿ ಕುಡಿಯೂ ಕೂಸು. ಎದಿ ತುಂಬಿ ಬಂದಾಗ ಇಲ್ಲಿಂದ ಊರಿಗೆ ಹೆಂಗ ಓಡ್ಲಿ?’ ಎಂದಳು. ಕೆರೆಯಿಂದ ಊರು ಅಷ್ಟು ಸಮೀಪದಲ್ಲಿರಲಿಲ್ಲ.

ಒಂದೇ ಜಾಗದಲ್ಲಿ, ಒಂದೇ ಸಮಸ್ಯೆಗೆ ಎರಡು ಬೇರೆ ಬೇರೆ ಕಾರಣಗಳು. ಒಂದು ಹೊತ್ತಿನದು, ಇನ್ನೊಂದು ದೂರದ್ದು. ಇವೆರಡನ್ನೂ ‘ಬಳಕೆ ಕಡಿಮೆ’ ಎಂಬ ಒಂದೇ ತಲೆಬರಹದಡಿ ಸೇರಿಸಿದ್ದರೆ ಪರಿಹಾರವೂ ಒಂದೇ ಆಗಿ, ಅರ್ಧ ತಾಯಂದಿರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಕೂಸಿನ ಮನೆಗೆ ಹೋದೆ. ಅಲ್ಲಿನ ಆರೈಕೆದಾರಳ ಮೇಲೆ ತಪ್ಪು ಹೊರಿಸುವುದು ಸುಲಭವಿತ್ತು, ಆದರೆ ಅವಳ ಬೆಳಗನ್ನೂ ಅದೇ ರೀತಿ ಕೇಳಿದ ಮೇಲೆ ಅದು ಸಾಧ್ಯವಾಗಲಿಲ್ಲ. ನಳದಲ್ಲಿ ನೀರು ಬಿಡುವುದು ಬೆಳಿಗ್ಗೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ತನ್ನ ಮಕ್ಕಳಿಗೆ ರೊಟ್ಟಿ ಬಡಿಯಬೇಕು. ಹತ್ತು ಗಂಟೆ ಎಂಬುದು ಪಂಚಾಯತಿ ಕಚೇರಿಯ ಹೊತ್ತು, ಅದನ್ನೇ ಅವಳಿಗೂ ಹೇಳಿದ್ದರು. ‘ನಸಿಕಿಗೆ ತಗೀರಿ ಅಂದ್ರ ನನ್ನ ಕೂಸಿನ್ನ ನಾ ಎಲ್ಲಿ ಬಿಡ್ಲಿ ಮೇಡಮ್ರೀ?’ ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅದೇ ಊರಿನಲ್ಲಿ ತರಬೇತಿ ಪಡೆದ ಬೇರೆ ಹೆಂಗಸರೂ ಇದ್ದಾರೆ, ತಮ್ಮ ಸರದಿಗಾಗಿ ಕಾಯುತ್ತಿದ್ದಾರೆ ಎಂಬುದು ಗೊತ್ತಾದದ್ದೂ ಅವಳಿಂದಲೇ.

ಕಚೇರಿಗೆ ಮರಳಿ ನಾನು ಬರೆದುಕೊಂಡು ಹೋದ ವರದಿಯಲ್ಲಿ ಹಿನ್ನೆಲೆ, ಉದ್ದೇಶ, ವಿಧಾನ, ವಿಶ್ಲೇಷಣೆ ಎಂದು ಕಾಲೇಜಿನ ಕ್ರಮದ ಎಲ್ಲ ಭಾಗಗಳೂ ಇದ್ದವು. ಸಹಾಯಕ ನಿರ್ದೇಶಕರು ಅದನ್ನು ಪೂರ್ತಿ ಓದಿದರು. ಓದಿ, ‘ಎಲ್ಲಾ ಛಲೋ ಐತಿ. ಈಗ ಇದರ ಕೆಳಗ ನಾ ಏನಂತ ಆದೇಶ ಬರೀಲಿ, ಅದನ್ನ ಹೇಳ್ರಿ’ ಎಂದರು. ಟಿಪ್ಪಣಿ ಬರೆಯುವವರು ಉತ್ತರಿಸಬೇಕಾದ ಪ್ರಶ್ನೆ ಅದೊಂದೇ ಎಂದು ಅವರು ನನಗೆ ಬಿಡಿಸಿ ಹೇಳಿದರು: ಸ್ಥಿತಿ ಏನು, ನಿಯಮ ಏನು ಹೇಳುತ್ತದೆ, ಯಾರು ಏನು ಮಾಡಬೇಕು, ಎಂದಿನೊಳಗೆ, ದುಡ್ಡು ಎಲ್ಲಿಂದ. ಓದುವವರ ಮುಂದೆ ಅಂಥ ಕಡತಗಳ ರಾಶಿಯೇ ಇರುತ್ತದೆ, ಆದ್ದರಿಂದ ಒಂದು ಪುಟ ಮೀರಬಾರದು. ನನ್ನ ವರದಿಯ ವಿಶ್ಲೇಷಣೆಯ ಭಾಗ ಹೀಗೆ ಎರಡು ವಾಕ್ಯಗಳಿಗೆ ಇಳಿಯಿತು. ಇಳಿದದ್ದರಿಂದ ಅದರ ಬಲ ಕುಂದಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಆ ತಾಯಿಯ ‘ಯಾರ ಕೈಯಾಗ ಕೊಡ್ಲಿ’ ಎಂಬ ಮಾತನ್ನು ಮಾತ್ರ ತೆಗೆಯಬೇಡಿ ಎಂದು ಅವರೇ ಹೇಳಿದರು, ಸಹಿ ಮಾಡುವವರಿಗೆ ವಿಷಯ ಕೂಡಲೇ ಹೊಳೆಯುವುದು ಅದರಿಂದ ಎಂಬುದು ಅವರ ಅನುಭವ.

ಟಿಪ್ಪಣಿಯಲ್ಲಿ ಎರಡು ಸಲಹೆಗಳಿದ್ದವು. ಊರಿಗೆ ಸಮೀಪದ ಕೆಲಸಗಳಿಗೆ, ಬೇಸಿಗೆ ಮುಗಿಯುವವರೆಗೆ ಕೂಸಿನ ಮನೆಯನ್ನು ಹಾಜರಿಗಿಂತ ಮುಂಚೆ ತೆರೆದು, ತರಬೇತಿ ಪಡೆದ ಹೆಂಗಸರಲ್ಲಿ ನಸುಕಿಗೆ ಬರಲು ಒಪ್ಪುವವರಿಗೆ ಬೆಳಗಿನ ಸರದಿ ಕೊಡುವುದು. ದೂರದ ಕೆಲಸಗಳಿಗೆ, ಐದು ಮಕ್ಕಳಾದ ಕಡೆ ಕೆಲಸದ ಸ್ಥಳದಲ್ಲೇ ಒಬ್ಬ ಹೆಂಗಸನ್ನು ನೇಮಿಸುವುದು. ಎರಡಕ್ಕೂ ಹೊಸ ಅನುದಾನ ಬೇಡ, ಇರುವ ನಿಯಮದೊಳಗೇ ಆಗುತ್ತದೆ ಎಂದು ಅನುಸೂಚಿಯ ಅಂಶವನ್ನು ಉಲ್ಲೇಖಿಸಿ ಬರೆದೆ.

ಮೊದಲನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆರೈಕೆದಾರರ ಸಭೆ ಕರೆದು ಸರದಿ ಬದಲಿಸಿದರು, ಮಕ್ಕಳು ಬರತೊಡಗಿದರು. ಎರಡನೆಯದು ಕೆಲಸ ಅಳೆಯುವ ತಾಂತ್ರಿಕ ಸಹಾಯಕರ ಬಳಿ ನಿಂತಿತು. ಅವರು ಅಡ್ಡಿಪಡಿಸಿದರು ಎಂದಲ್ಲ. ನಾನು ನೋಡಿರದ ಒಂದು ತೊಡಕನ್ನು ತೋರಿಸಿದರು. ಗುಂಪಿನ ಕೆಲಸವನ್ನು ಒಟ್ಟಾಗಿ ಅಳೆದು ಕೂಲಿ ಹಂಚುವ ಕಡೆ, ಮಣ್ಣು ಹೊರದೆ ಮಕ್ಕಳ ಬಳಿ ಕುಳಿತವಳ ಹೆಸರು ಕೂಲಿಕಾರರ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲಿ ಸೇರಿದರೆ ಉಳಿದವರ ಪಾಲಿನ ಕೂಲಿ ಅಷ್ಟು ತಗ್ಗುತ್ತದೆ. ಆದ್ದರಿಂದ ಗುಂಪಿನವರೇ ಅವಳನ್ನು ಒಪ್ಪುವುದಿಲ್ಲ. ಅವಳ ಕೂಲಿ ಅಳತೆಗೆ ಸೇರಬಾರದು ಎಂದಾದರೆ ಕೆಲಸ ಶುರುವಾಗುವ ಮುನ್ನ, ಅದರ ವೆಚ್ಚದ ಅಂದಾಜುಪಟ್ಟಿ ತಯಾರಿಸುವಾಗಲೇ ಅದನ್ನು ಬೇರೆ ಬಾಬ್ತಾಗಿ ತೋರಿಸಬೇಕು. ಅವರು ತಮ್ಮ ಹಳೆಯ ಅಂದಾಜುಪಟ್ಟಿಗಳನ್ನು ತೆರೆದು, ಯಾವ ಸಾಲಿನ ಕೆಳಗೆ ಅದು ಬರಬೇಕೆಂದು ಬೆರಳಿಟ್ಟು ತೋರಿಸಿದರು.

ಇಂಟರ್ನ್‌ಶಿಪ್‌ನ ಉಳಿದ ಅವಧಿಯನ್ನು ನಾನು ಅಂದಾಜುಪಟ್ಟಿ ಓದುವುದನ್ನು ಕಲಿಯಲು ಬಳಸಿದೆ. ಘನಮೀಟರ್ ಲೆಕ್ಕ, ಮಣ್ಣಿನ ಬಗೆಗೆ ತಕ್ಕಂತೆ ಬದಲಾಗುವ ದರ, ಎತ್ತಿ ಹಾಕುವ ದೂರಕ್ಕೆ ಸಿಗುವ ಹೆಚ್ಚುವರಿ ದರ ಇವೆಲ್ಲ ಎಂಜಿನಿಯರ್‌ಗಳ ವಿಷಯ ಎಂದು ಬಿಟ್ಟವರು ನೀತಿಯ ಬಗ್ಗೆ ಎಷ್ಟೇ ಬರೆದರೂ ಅದು ಆ ಹಾಳೆಯ ಹೊರಗೇ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಬಂಧಕ್ಕೆ ವಿಷಯ ಆರಿಸುವ ಸಮಯ ಬಂದಾಗ ಮಾರ್ಗದರ್ಶಕರಿಗೆ ಇದನ್ನೇ ಹೇಳಿದೆ: ಕೆಲಸದ ಸ್ಥಳದ ಮಕ್ಕಳ ಆರೈಕೆಗೆ ಅಂದಾಜುಪಟ್ಟಿಯಲ್ಲಿ ಜಾಗ ಸಿಗುತ್ತದೆಯೇ, ಸಿಕ್ಕ ಕಡೆ ಅದು ಎನ್‌ಎಂಆರ್ ತನಕ ತಲುಪುತ್ತದೆಯೇ ಎಂಬುದನ್ನು ನೋಡುತ್ತೇನೆ. ಅವರು ಒಪ್ಪಿ, ಮೊದಲು ಹೋಗಬೇಕಾದ ಪಂಚಾಯತಿಗಳ ಪಟ್ಟಿ ಮಾಡಿಕೊಂಡು ಬರಲು ಹೇಳಿದರು.