ಜೋಡಿಸಿದ ಕ್ರಮದಲ್ಲೇ 16 ಹಾಡು

16 ನವೆಂಬರ್ 2024, ಶನಿವಾರ
ಕೋಲ್ಚೆಸ್ಟರ್, ಎಸೆಕ್ಸ್

ರಾತ್ರಿ ಪಾಳಿ ಮುಗಿಸಿ ಮನೆ ಸೇರುವಾಗ ಎಂಟೂವರೆ. ಚಳಿ ಅಂದರೆ ಚಳಿ. ಕುಚ್ಚಲಕ್ಕಿ ತೊಳೆದು ಗಂಜಿಗೆ ಇಟ್ಟೆ. ಹೋದ ವಾರ ಚಾರಿಟಿ ಅಂಗಡಿಯಲ್ಲಿ 1 ಪೌಂಡ್ ಕೊಟ್ಟು ತಂದ ಸಿಡಿ ಮೇಜಿನ ಮೇಲೆ ಹಾಗೇ ಬಿದ್ದಿತ್ತು. 'ದಿ ಬೆಸ್ಟ್ ಆಫ್ ಶಾಡೇ'. ಇಂಗ್ಲೆಂಡಿನ ಗಾಯಕಿ ಶಾಡೇಯ ಆಯ್ದ ಹಾಡುಗಳು, 1994ರದ್ದು. ಅಂದರೆ ಈ ಸಂಕಲನಕ್ಕೆ ಈಗ 30 ವರ್ಷ. ಅನ್ನ ಬೇಯುವವರೆಗೆ ಕೇಳೋಣ ಅಂತ ಹಾಕಿದೆ.

ಈ ಹಾಡುಗಳು ಹೊಸದಲ್ಲ. ಕೆಫೆಯಲ್ಲಿ, ಹೋಟೆಲಿನ ಲಾಬಿಯಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದಿವೆ. ಫೋನಿನಲ್ಲೂ ಕೇಳಿದ್ದೇನೆ, ಬೇರೆ ಯಾರ್ಯಾರದೋ ಹಾಡುಗಳ ನಡುವೆ, ಹಿಂದುಮುಂದಾಗಿ. 'ಸ್ಮೂತ್ ಜಾಝ್', ಅಂದರೆ ನಯವಾದ ಜಾಝ್, ಅನ್ನುವ ಗುಂಪಿಗೆ ಇವನ್ನೂ ಸೇರಿಸುತ್ತಾರೆ. ಮಾತಾಡುತ್ತಾ ಕೂತವರಿಗೆ ಅಡ್ಡ ಬಾರದ ಸಂಗೀತ ಅಂತ ನಾನೂ ಅಂದುಕೊಂಡಿದ್ದೆ. ಮೊದಲಿನಿಂದ ಕೊನೆಯವರೆಗೆ, ಅವರು ಜೋಡಿಸಿದ ಕ್ರಮದಲ್ಲೇ ಕೇಳಿದ್ದು ಇವತ್ತೇ ಮೊದಲು. ಒಂದೂಕಾಲು ಗಂಟೆ. ಈಗ ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ.

ಮೊದಲ ಹಾಡು ಶುರುವಾಗುವುದೇ ಸ್ಯಾಕ್ಸೋಫೋನಿನಿಂದ. ನಮ್ಮ ಊರ ಕಡೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥರು. ಮಂಗಳೂರಿನ ಮದುವೆಗಳಲ್ಲಿ ನಾದಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಯೇ ನಾನು ಬೆಳೆದದ್ದು. ಅಲ್ಲಿ ಸ್ವರ ಬಳುಕುತ್ತದೆ, ಜಾರುತ್ತದೆ, ಚಪ್ಪರದ ತುಂಬಾ ಹರಡುತ್ತದೆ. ಇಲ್ಲಿ ಸ್ಟುವರ್ಟ್ ಮ್ಯಾಥ್ಯೂಮನ್ ನುಡಿಸುವ ರೀತಿ ಬೇರೆ. ನಾಲ್ಕು ಮಾತು ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಹಾಡುವವರಿಗೆ ಜಾಗ ಬಿಡುತ್ತಾರೆ. ಎರಡೂ ನನಗೆ ಇಷ್ಟ.

ಶಾಡೇ ಅನ್ನುವುದು ಹಾಡುವವರ ಹೆಸರು ಮಾತ್ರ ಅಲ್ಲ, ಇಡೀ ತಂಡದ ಹೆಸರು. ಮ್ಯಾಥ್ಯೂಮನ್, ಕೀಬೋರ್ಡಿನ ಆಂಡ್ರ್ಯೂ ಹೇಲ್, ಬೇಸ್ ಗಿಟಾರಿನ ಪಾಲ್ ಡೆನ್‌ಮನ್, ಮತ್ತೆ ಹಾಡುವ ಶಾಡೇ ಅಡು. ಆಕೆ ಹುಟ್ಟಿದ್ದು 1959ರಲ್ಲಿ, ನೈಜೀರಿಯಾದ ಇಬಾಡಾನಿನಲ್ಲಿ. ಅಪ್ಪ ಅಲ್ಲಿಯವರು, ಅಮ್ಮ ಇಂಗ್ಲೆಂಡಿನವರು. ಅವರಿಬ್ಬರೂ ಬೇರೆಯಾದಾಗ ಆಕೆಗೆ 4 ವರ್ಷ. ಅಮ್ಮ ಮಕ್ಕಳನ್ನು ಕರೆದುಕೊಂಡು ಬಂದದ್ದು ಈ ಎಸೆಕ್ಸಿಗೇ, ನಾನಿರುವ ಈ ಕಡೆಗೇ. ಆ ತಾಯಿ ಕೂಡ ನನ್ನ ಹಾಗೆ ನರ್ಸ್ ಅಂತ ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು, ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ.

1984, 1985, 1988, 1992. ನಾಲ್ಕು ಆಲ್ಬಮ್‌ಗಳಿಂದ ಆರಿಸಿದ ಹಾಡುಗಳನ್ನು ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಇಟ್ಟಿದ್ದಾರೆ. ಅದರಿಂದ ಒಂದು ವಿಷಯ ಕಿವಿಗೆ ಸಿಕ್ಕಿತು. ಆರನೇ ಹಾಡಿನಲ್ಲಿ ಕಹಳೆಗಳೆಲ್ಲ ಸೇರಿ ದೊಡ್ಡ ಮೇಳದಂತೆ ಎದ್ದು ನಿಲ್ಲುತ್ತವೆ. ಅಲ್ಲಿಂದ ಮುಂದೆ ತಂಡ ಒಂದೊಂದನ್ನೇ ಕೆಳಗಿಡುತ್ತಾ ಹೋಗುತ್ತದೆ. 12ನೇ ಹಾಡು 'ಲೈಕ್ ಎ ಟ್ಯಾಟೂ' ಬರುವ ಹೊತ್ತಿಗೆ ಒಂದು ಗಿಟಾರು, ಒಂದು ದನಿ, ಸುತ್ತ ಬೇಕಾದಷ್ಟು ಮೌನ.

ಅದು ಯುದ್ಧದಲ್ಲಿ ಆದದ್ದನ್ನು ಹಚ್ಚೆಯಂತೆ ಮೈಮೇಲೆ ಹೊತ್ತು ಬದುಕುವವನ ಹಾಡು. ರಾತ್ರಿ ಪಾಳಿಯಲ್ಲಿ ಮೂರು ಗಂಟೆ ಹೊತ್ತಿಗೆ ನಿದ್ದೆ ಬಾರದ ಅಜ್ಜಂದಿರು ಮಾತಿಗೆ ತೊಡಗುವುದುಂಟು. 60 ವರ್ಷ ಹಿಂದಿನದ್ದನ್ನು ನಿನ್ನೆ ಆದ ಹಾಗೆ ಹೇಳುತ್ತಾರೆ. ದನಿ ಏರುವುದೇ ಇಲ್ಲ. ಏರಿಸಿದರೆ ಮಾತು ಒಡೆದುಹೋಗುತ್ತದೆ ಅಂತ ಗೊತ್ತಿರುತ್ತದೆ, ಅಲ್ವಾ. ಶಾಡೇ ಹಾಡುವುದು ಹಾಗೆ. ಕೆಫೆಯಲ್ಲಿ ನಾನು ನಯ ಅಂದುಕೊಂಡಿದ್ದು ಇದನ್ನೇ.

ನಡುವೆ 14ನೆಯದು ಒಂದು ಹಳೆಯ ಹಾಡು. ಪರ್ಸಿ ಮೇಫೀಲ್ಡ್ 1950ರಲ್ಲಿ ಹಾಡಿದ್ದು. ಮೊದಲು ಲೋಕಕ್ಕೆ ಶಾಂತಿ ಬೇಡಿ, ಆಮೇಲೆ ತನಗೊಂದು ಜೊತೆ ಬೇಡುವ ಪ್ರಾರ್ಥನೆ. ಶಾಡೇ ಇದನ್ನು ಹಾಡಿದ್ದು 1993ರ 'ಫಿಲಡೆಲ್ಫಿಯಾ' ಸಿನಿಮಾಕ್ಕೆ, ಏಡ್ಸ್ ಬಂದು ಕೆಲಸ ಕಳೆದುಕೊಂಡ ವಕೀಲನ ಕತೆಗೆ. ಈ ಹಾಡಿಗೆ ಅದಕ್ಕಿಂತ ಸರಿಯಾದ ಜಾಗ ಇರಲಿಲ್ಲ.

ಕೊನೆಯದು 'ಪರ್ಲ್ಸ್'. ಗಂಜಿ ಬಟ್ಟಲಿಗೆ ಹಾಕಿಕೊಂಡಿದ್ದೆ, ಮಾವಿನ ಮಿಡಿಯನ್ನೂ ಪಕ್ಕದಲ್ಲಿಟ್ಟುಕೊಂಡಿದ್ದೆ. ಊಟ ಅಲ್ಲೇ ನಿಂತಿತು. ಸೊಮಾಲಿಯಾದ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಮುತ್ತು ಹೆಕ್ಕುತ್ತಿದ್ದಾಳೆ. 1992, ಅಲ್ಲಿ ಬರ, ಯುದ್ಧ ಎರಡೂ ಇದ್ದ ವರ್ಷ. ಅದು ಮುತ್ತಲ್ಲ, ಬಿದ್ದ ಕಾಳು ಅಂತಲೇ ನನಗೆ ಕೇಳಿಸುವುದು. ಆಕೆಯ ನೋವು ಹೊಸ ಶೂ ಹಾಕಿದಾಗಿನ ನೋವಿನಂತೆ ಎನ್ನುತ್ತದೆ ಹಾಡು. ಹೊಸ ಚಪ್ಪಲಿ ಕಚ್ಚಿತು ಅನ್ನುತ್ತೇವಲ್ಲ ನಾವು, ಅದೇ. ಚಪ್ಪಲಿಯೇ ಇಲ್ಲದವಳ ನೋವಿಗೆ ಆ ಹೋಲಿಕೆ. ಅಲ್ಲಿಯವರೆಗೆ ತಡೆದಿಟ್ಟ ದನಿ ಈ ಹಾಡಿನಲ್ಲಿ ಒಮ್ಮೆ ಮೇಲಕ್ಕೆ ಹೋಗುತ್ತದೆ.

ಅದೇ ಹೊತ್ತಿಗೆ ಅಮ್ಮನ ಫೋನ್. ಊರಲ್ಲಿ ಸಂಜೆ ನಾಲ್ಕು ಗಂಟೆ, ಚಾ ಹೊತ್ತು. ಹಾಡು ನಿಲ್ಲಿಸಲು ಮನಸ್ಸಾಗಲಿಲ್ಲ.

"ಎಂತ ಪದ್ಯ ಅದು? ಯಾರಿಗೆ ಎಂತ ಆಯ್ತು?"

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಹಾಡಿನಲ್ಲಿ ಏನಿದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ನಿನ್ನ ಅಜ್ಜಿಯೂ ಹಾಗೆ. ಗದ್ದೆ ಕೊಯ್ದಾದ ಮೇಲೆ ಯಾರ್ಯಾರದೋ ಗದ್ದೆಯಲ್ಲಿ ಬಿದ್ದ ತೆನೆ ಹೆಕ್ಕಿಕೊಂಡು ಬರುತ್ತಿದ್ದರು. ನನ್ನನ್ನೂ ಕರ್ಕೊಂಡು ಹೋಗ್ತಿದ್ದರು."

ಇದನ್ನು ಅಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ. ಅಷ್ಟರಲ್ಲಿ ಸಿಡಿ ಮುಗಿದು ಮನೆ ಸುಮ್ಮನಾಯಿತು.

"ನಿಲ್ಲಿಸಿದ್ದು ಯಾಕೆ?" ಅಂದರು. "ಇನ್ನೊಮ್ಮೆ ಹಾಕು ನೋಡುವ."

ಫೋನನ್ನು ಸ್ಪೀಕರಿನ ಹತ್ತಿರ ಇಟ್ಟು, 16ನೆಯದನ್ನು ಮತ್ತೆ ಹಾಕಿದೆ.