ತುಂಗಭದ್ರೆಯ ಸೇತುವೆಯ ಮೇಲೆ ಒಂದೇ ವೇಗ

“ಈಗ ಗಾಡಿಯ ವೇಗ ಹಿಡಿದಿರುವುದು ನೀನಲ್ಲ, ಹೌದಲ್ಲವೇನೋ?”

ಹಿರಿಯೂರು ದಾಟಿ ಹತ್ತು ನಿಮಿಷವಾಗಿತ್ತು. ಪಕ್ಕದ ಸೀಟಿನಲ್ಲಿದ್ದ ಸೋದರಮಾವ ಹೀಗೆ ಕೇಳಿದಾಗ ಬೆಚ್ಚಿದೆ. ಗ್ಲಾಕೋಮಾದಿಂದ ಅವರ ದೃಷ್ಟಿ ಪೂರ್ತಿ ಹೋಗಿ ಆರು ವರ್ಷ. ಬೆಂಗಳೂರಿನಲ್ಲಿ ನಮ್ಮ ಮನೆಗೆ ಬಂದಿದ್ದವರನ್ನು ಹೊಸ ಕಾರಿನಲ್ಲಿ ಧಾರವಾಡಕ್ಕೆ ಬಿಡಲು ಹೊರಟಿದ್ದೆ. ಗಾಡಿಯ ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್‌ನ ಗುಂಡಿಯನ್ನು ಮೊದಲ ಸಲ ಒತ್ತಿ, ಗಂಟೆಗೆ 80 ಕಿ.ಮೀ.ಗೆ ಕಟ್ಟಿ, ಪೆಡಲಿನಿಂದ ಕಾಲು ತೆಗೆದು ಸ್ವಲ್ಪ ಹೊತ್ತಾಗಿತ್ತಷ್ಟೆ. ಅವರಿಗೆ ಹೇಳಿಯೂ ಇರಲಿಲ್ಲ.

“ನಿಮಗೆ ಹೇಗೆ ತಿಳಿಯಿತು ಮಾವ?”

“ತುಮಕೂರಿನಿಂದ ನಿನ್ನ ಕಾಲಿನ ಕೆಲಸ ಕೇಳಿಸಿಕೊಳ್ಳುತ್ತಾ ಬಂದಿದ್ದೇನೆ. ನೀನು ಮಾತಾಡಿದರೆ ಗಾಡಿ ನಿಧಾನ, ನಾನು ಮಾತಾಡಿದರೆ ಜೋರು. ಈಗ ಹಾಗಾಗುತ್ತಿಲ್ಲ. ಏರು ಬಂದಾಗ ಇಂಜಿನ್ ಒಂದು ಕ್ಷಣ ಕುಗ್ಗಿ ಆಮೇಲೆ ಎದ್ದಿತು. ನಮ್ಮ ಗಿರಣಿಯ ಇಂಜಿನ್ ಥೇಟ್ ಹೀಗೇ.”

ಮಾವ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಡೀಸೆಲ್ ಇಂಜಿನ್ನಿನ ವೇಗ ಕಾಯುವ ಗವರ್ನರ್ ಎಂಬ ಭಾಗದ ಬಗ್ಗೆ ಹೇಳತೊಡಗಿದರೆ ಅವರ ಕೈಗಳೇ ಯಂತ್ರವಾಗುತ್ತವೆ. ಎರಡು ಮುಷ್ಟಿಗಳನ್ನು ಎದೆಯ ಮುಂದೆ ತಿರುಗಿಸುತ್ತಾ ತೋರಿಸಿದರು: ವೇಗ ಹೆಚ್ಚಿದರೆ ತಿರುಗುವ ತೂಕಗಳು ಹೊರಕ್ಕೆ ಚಾಚುತ್ತವೆ, ಎಣ್ಣೆ ಕಡಿಮೆಯಾಗುತ್ತದೆ, ಜೋಳ ಸುರಿದು ಭಾರ ಬಿದ್ದರೆ ಅವು ಒಳಕ್ಕೆ ಸರಿಯುತ್ತವೆ, ಎಣ್ಣೆ ಹೆಚ್ಚುತ್ತದೆ. ಬೀಸುವ ಕಲ್ಲಿನ ಓಟ ಬದಲಾಗುವುದಿಲ್ಲ.

ನನಗೆ ಅಮೆರಿಕದ ರಾಲ್ಫ್ ಟೀಟರ್ ನೆನಪಾದರು. ಕ್ರೂಸ್ ಕಂಟ್ರೋಲಿಗೆ 1950ರಲ್ಲಿ ಪೇಟೆಂಟ್ ಪಡೆದ ಈ ಇಂಜಿನಿಯರ್ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡಿದ್ದರು. ಅವರ ವಕೀಲರು ಕಾರು ಓಡಿಸುವಾಗ ಮಾತಾಡಿದರೆ ನಿಧಾನ, ಕೇಳಿಸಿಕೊಂಡರೆ ಜೋರು ಹೋಗುತ್ತಿದ್ದರಂತೆ; ಆ ಜಗ್ಗಾಟ ತಾಳಲಾರದೆ ಟೀಟರ್ ಈ ಸಾಧನ ಯೋಚಿಸಿದರು ಎಂಬ ಕಥೆಯಿದೆ. ಅವರದ್ದೂ ತಿರುಗುವ ತೂಕಗಳ ಗವರ್ನರೇ. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಬಂತು. ಇದನ್ನೆಲ್ಲ ಹೇಳಿದಾಗ ಮಾವ ಬಹಳ ಹೊತ್ತು ಸುಮ್ಮನಿದ್ದರು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಕಾಣತೊಡಗಿದ ಮೇಲೆ ಕೇಳಿದರು: “ಕಾಣದವನು ಮಾಡಿದ್ದೇ? ನಿಜವಾಗಿಯೂ?”

ಚಿತ್ರದುರ್ಗ ದಾಟಿದ ಮೇಲಿನ ಒಂದು ಇಳಿಜಾರನ್ನು ಮಾತ್ರ ನಾನು ಮರೆಯಲಾರೆ. ಕಾರು ಮಾರಿದ ಹುಡುಗ “ಬ್ರೇಕನ್ನೂ ಅದೇ ಹಾಕುತ್ತದೆ ಸರ್” ಎಂದಿದ್ದ. ಮುಂದೆ ಈರುಳ್ಳಿ ಲಾರಿ, ನಮ್ಮ ವೇಗ 80ರಿಂದ 88ಕ್ಕೆ ಏರಿತ್ತು, ಕಾರು ತಾನಾಗಿ ಏನನ್ನೂ ಮಾಡಲಿಲ್ಲ. ಬ್ರೇಕ್ ಒತ್ತಿದೆ, ಉಳಿದೆವು. ಮುಂದಿನ ವಾಹನವನ್ನು ರೇಡಾರಿನಿಂದ ಗುರುತಿಸಿ ತಾನೇ ನಿಧಾನಿಸುವ ವ್ಯವಸ್ಥೆಯೇ ಬೇರೆ. ನನ್ನ ಕಾರಿನದ್ದು ವೇಗವನ್ನಷ್ಟೇ ನೋಡಿಕೊಳ್ಳುವ ಸಾದಾ ಸಾಧನ. ದಯವಿಟ್ಟು ಮಾರಾಟದವರ ಮಾತು ನಂಬದೆ ಕಾರಿನ ಕೈಪಿಡಿ ಓದಿ. ಇನ್ನೊಂದು: ಬ್ರೇಕ್ ಒತ್ತಿ ಕ್ರೂಸ್ ಕಂಟ್ರೋಲ್ ಬಿಡಿಸಿದ ಮೇಲೆ ‘ರೆಸ್ಯೂಮ್’ ಗುಂಡಿ ಮುಟ್ಟಿದರೆ ಕಾರು ಹಳೆಯ ವೇಗಕ್ಕೇ ನುಗ್ಗುತ್ತದೆ. ಎದುರಿನ ದಾರಿ ನೋಡಿಕೊಂಡೇ ಅದನ್ನು ಮುಟ್ಟಬೇಕು.

ದಾವಣಗೆರೆಯಲ್ಲಿ ಊರೊಳಗೆ ಹೋಗಿ ಬೆಣ್ಣೆ ದೋಸೆ ತಿಂದೆವು. ಹೆದ್ದಾರಿಯ ಬದಿಯ ಗಾಜಿನ ಹೋಟೆಲುಗಳಲ್ಲಿ ಆ ಹೆಸರಿನಲ್ಲಿ ಕೊಡುವುದು ದೋಸೆಯೇ ಅಲ್ಲ. ಸೌದೆಯ ಒಲೆ, ಬಿಳಿ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ; ಅದಕ್ಕಾಗಿ ಅರ್ಧ ಗಂಟೆ ಹೋದರೂ ನಷ್ಟವಿಲ್ಲ.

ಹರಿಹರದ ಹತ್ತಿರ ಮಳೆ ಹಿಡಿಯಿತು. ಕ್ರೂಸ್ ಕಂಟ್ರೋಲ್ ಬಿಡಿಸಿದೆ. ಒದ್ದೆ ರಸ್ತೆಯಲ್ಲಿ ಚಕ್ರ ನೀರಿನ ಮೇಲೆ ತೇಲಿದರೆ ಕಾಲಿಗೆ ಮೊದಲು ತಿಳಿಯಬೇಕು.

“ತುಂಗಭದ್ರೆ ಬಂತೇ?”

“ಬಂತು ಮಾವ.”

“ಒಂದೇ ವೇಗದಲ್ಲಿ ದಾಟು. ಸೇತುವೆಯ ಸಂದುಗಳನ್ನು ಎಣಿಸುತ್ತೇನೆ. ಮೊದಲು ಕಿಟಕಿಯಿಂದ ನೀರು ನೋಡುತ್ತಿದ್ದೆ.”

ಕಿಟಕಿ ಒಂದಿಷ್ಟು ಇಳಿಸಿದೆ, ಹನಿಗಳು ಅವರ ಮುಖಕ್ಕೆ ಸಿಡಿದವು. 50ರಲ್ಲಿ ಮುಳ್ಳನ್ನು ಕಾಲಿನಿಂದಲೇ ಹಿಡಿದು ಉಸಿರು ಬಿಗಿಹಿಡಿದು ದಾಟಿದೆ. ಟಕ್, ಟಕ್, ಟಕ್. ಮಾವನ ತುಟಿ ಅಲುಗುತ್ತಿತ್ತು.

ಆ ದಡ ಮುಟ್ಟಿದ ಮೇಲೆ ಅವರು ಮುಖ ಒರೆಸಿಕೊಂಡರು. “ನಡುವೆ ಒಂದು ಕಡೆ ಕಾಲು ಸಡಿಲವಾಯಿತು,” ಎಂದರು, “ಉಳಿದಂತೆ ಚೆನ್ನಾಗಿ ಹಿಡಿದೆ.”