ವಾಟ್ಸ್ಲಾವ್ ನೆಟ್ಸ್ಕಾರ್ಷ್: ಹಾಡುಗಾರನಿಗೆ ಸಿಕ್ಕ ಎರಡು ಪಾತ್ರಗಳು

ಝೆಕ್ ಜನಪ್ರಿಯ ಸಂಗೀತವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವ ಹೆಸರು ಕರೆಲ್ ಗೊಟ್. ಆದರೆ ಆ ನಾಡಿನ ಇತ್ತೀಚಿನ ಚರಿತ್ರೆಯನ್ನು ಒಬ್ಬ ಕಲಾವಿದನ ಬದುಕಿನ ಮೂಲಕ ಅರಿಯಬಯಸುವವರಿಗೆ ನಾನು ಸೂಚಿಸುವುದು ವಾಟ್ಸ್ಲಾವ್ ನೆಟ್ಸ್ಕಾರ್ಷ್ ಅವರನ್ನು.

1943ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಅವರು ಅಲ್ಲಿನ ರೊಕೊಕೊ ರಂಗಮಂದಿರದಲ್ಲಿ ಹಾಡುತ್ತಿದ್ದ ದಿನಗಳಲ್ಲಿ, ನಿರ್ದೇಶಕ ಯಿರ್ಝಿ ಮೆಂಝೆಲ್ ತಮ್ಮ ‘ಕ್ಲೋಸ್ಲಿ ವಾಚ್ಡ್ ಟ್ರೇನ್ಸ್’ (1966) ಚಿತ್ರದ ಮುಖ್ಯ ಪಾತ್ರವನ್ನು ಅವರಿಗೆ ಕೊಟ್ಟರು. ಜರ್ಮನ್ ಆಕ್ರಮಣದ ಕಾಲದಲ್ಲಿ ಪುಟ್ಟ ರೈಲು ನಿಲ್ದಾಣವೊಂದಕ್ಕೆ ಕೆಲಸ ಕಲಿಯಲು ಬರುವ ಮಿಲೋಶ್ ಎಂಬ ಹುಡುಗನ ಪಾತ್ರವದು. ನಾಯಕನಟನ ಠೀವಿ ಎಳ್ಳಷ್ಟೂ ಇಲ್ಲದ ಆ ಮುಖದಲ್ಲಿ ಮುಜುಗರ, ಆಸೆ, ಭಯಗಳು ಒಂದರ ಹಿಂದೊಂದು ಹಾದುಹೋಗುವುದನ್ನು ಎಷ್ಟು ಸಲ ನೋಡಿದರೂ ನನಗೆ ದಣಿವಾಗುವುದಿಲ್ಲ. 1968ರಲ್ಲಿ ಈ ಚಿತ್ರಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ಸೇನಾ ಕೂಟವಾದ ವಾರ್ಸಾ ಒಕ್ಕೂಟದ ಟ್ಯಾಂಕುಗಳೂ ಪ್ರಾಗ್‌ಗೆ ಬಂದವು.

ಆ ಆಕ್ರಮಣದ ನೆರಳಿನಲ್ಲಿಯೇ ಗಾಯಕಿಯರಾದ ಮಾರ್ಟಾ ಕುಬಿಶೊವಾ ಮತ್ತು ಹೆಲೆನಾ ವೊಂಡ್ರಾಚ್ಕೊವಾ ಅವರೊಡನೆ ನೆಟ್ಸ್ಕಾರ್ಷ್ ಕಟ್ಟಿದ ‘ಗೋಲ್ಡನ್ ಕಿಡ್ಸ್’ ತಂಡ ಅಪಾರ ಜನಪ್ರಿಯತೆ ಗಳಿಸಿತು. ಆದರೆ ಕುಬಿಶೊವಾ ಅವರ ಹಾಡೊಂದು ಪ್ರತಿರೋಧದ ದನಿಯಾಗಿತ್ತು. 1970ರಲ್ಲಿ ನಕಲಿ ಅಶ್ಲೀಲ ಚಿತ್ರಗಳನ್ನು ನೆಪಮಾಡಿ ಕಮ್ಯುನಿಸ್ಟ್ ಆಡಳಿತ ಅವರನ್ನು ವೇದಿಕೆಯಿಂದ ದೂರವಿಟ್ಟಿತು. ತಂಡ ಅಲ್ಲಿಗೇ ಮುಗಿಯಿತು. ಝೆಕ್ ಲೇಖಕ ಬೊಹುಮಿಲ್ ಹ್ರಬಾಲ್ ಅವರ ಕಥೆಗಳನ್ನು ಆಧರಿಸಿ ಮೆಂಝೆಲ್ 1969ರಲ್ಲಿ ಚಿತ್ರೀಕರಿಸಿದ ‘ಲಾರ್ಕ್ಸ್ ಆನ್ ಎ ಸ್ಟ್ರಿಂಗ್’ ಕೂಡ ನಿಷೇಧಕ್ಕೊಳಗಾಯಿತು. ಗುಜರಿ ಅಂಗಳದಲ್ಲಿ ದುಡಿಯಲು ಕಳುಹಿಸಲ್ಪಟ್ಟವರ ನಡುವಿನ ಪಾವೆಲ್ ಎಂಬ ಅಡುಗೆಯವನಾಗಿ ನೆಟ್ಸ್ಕಾರ್ಷ್ ಇದರಲ್ಲಿ ನಟಿಸಿದ್ದರು. ಕಾಣೆಯಾದವರು ಎಲ್ಲಿ ಹೋದರೆಂದು ಕೇಳಿದ ತಪ್ಪಿಗೆ, ಮದುವೆಯಾದ ಹೊಸತರಲ್ಲಿಯೇ ಅವನನ್ನೂ ಎಳೆದೊಯ್ಯುತ್ತಾರೆ. 1990ರಲ್ಲಿ ಚಿತ್ರ ಹೊರಬಂದು ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಬೇರ್ ಪಡೆದಾಗ, ತೆರೆಯ ಮೇಲಿನ ಆ ಯುವಕನಿಗೆ ನಿಜದಲ್ಲಿ ನಲವತ್ತಾರು ವರ್ಷ.

ನಡುವಿನ ವರ್ಷಗಳಲ್ಲಿ ನೆಟ್ಸ್ಕಾರ್ಷ್ ಹಾಡುತ್ತಲೇ ಇದ್ದರು. ಅಂಥ ಆಡಳಿತದಡಿ ಹಾಡಲು ಅವಕಾಶ ಉಳಿಸಿಕೊಂಡವರನ್ನು ರಾಜಿಯಾದವರೆಂದು ದೂರದಿಂದ ತೀರ್ಮಾನಿಸುವುದನ್ನು ನಾನು ಒಪ್ಪಲಾರೆ. ಕಿರಿಯ ಸಹೋದರ ಯಾನ್‌ನ ರಾಗಸಂಯೋಜನೆ ಹಾಗೂ ‘ಬಾಟ್ಸಿಲಿ’ ವಾದ್ಯತಂಡದ ಜೊತೆ ಅವರು ರೂಪಿಸಿದ ‘ಪ್ಲಾನೆಟಾರಿಯುಂ’ನಂಥ ಆಲ್ಬಂ ಕೇಳಿದವರಿಗೆ, ಅದು ಅಪ್ಪಣೆಯ ಮೇರೆಗೆ ಹುಟ್ಟಿದ ಸಂಗೀತವಲ್ಲವೆಂಬುದು ತಿಳಿಯುತ್ತದೆ.

2002ರಲ್ಲಿ ಮಿದುಳಿನ ಆಘಾತಕ್ಕೆ ಒಳಗಾದ ಅವರು ಮಾತನ್ನೇ ಮತ್ತೆ ಕಲಿಯಬೇಕಾಯಿತು. ಅಷ್ಟಾಗಿಯೂ ವೇದಿಕೆಗೆ ಮರಳಿದರು. 2011ರಲ್ಲಿ, ರೈಲು ನಿಲ್ದಾಣದ ನೌಕರನೊಬ್ಬನ ಕಥೆ ಹೇಳುವ ‘ಆಲೊಯಿಸ್ ನೆಬೆಲ್’ ಆನಿಮೇಷನ್ ಚಿತ್ರಕ್ಕೆ ಅವರು ಹಾಡಿದ ‘ಪೂಲ್ನೊಚ್ನಿ’ ಹೊಸ ತಲೆಮಾರಿನ ಕೇಳುಗರನ್ನು ತಂದುಕೊಟ್ಟಿತು. ಹಳೆಯ ಹಾಡುಗಳ ಲವಲವಿಕೆ ಅದರಲ್ಲಿಲ್ಲ, ಉಚ್ಚಾರಣೆ ನಿಧಾನ. ಆದರೂ ಅವರ ಎಲ್ಲ ಹಾಡುಗಳಲ್ಲಿ ನಾನು ಮೊದಲು ಆರಿಸಿಕೊಳ್ಳುವುದು ಇದನ್ನೇ.